ಮಕ್ಕಳಿಗೆ ಹೇಳದೆ ಉಳಿಸಿದ ಪಾಠವೂ ಗರ್ಭದ ಕಾನೂನೂ



2025ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ ನಮ್ಮ ರಾಜ್ಯದ ಶಿಕ್ಷಣ ಮಂತ್ರಿಗಳು, 8ನೆಯ ತರಗತಿಯಿಂದ 12ನೆಯ ತರಗತಿಯ ವರೆಗಿನ ಮಕ್ಕಳಿಗೆ ಶಾಲೆಯಲ್ಲಿಯೇ ಲೈಂಗಿಕ ಶಿಕ್ಷಣವನ್ನು ಕೊಡಿಸುವದಾಗಿಯೂ ಅದಕ್ಕಾಗಿ ವೈದ್ಯರನ್ನು ಶಾಲೆಗಳಿಗೆ ಕರೆಸುವದಾಗಿಯೂ ಪ್ರಕಟಿಸಿದರು. ಈ ಸುದ್ದಿಯು ಗೋವಿನಕೋವಿಯ ಸುತ್ತಣ ನಮ್ಮ ಊರುಗಳಿಗೂ ಬಂದು ಮುಟ್ಟಿತು. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯರೊಬ್ಬರು ನಮ್ಮನ್ನು ಬೇವಿನ ಮರದ ನೆರಳಿಗೆ ಕರೆದು, ಬರೆದಿಟ್ಟುಕೊಂಡಿದ್ದ ಒಂದು ಕಾಗದವನ್ನು ಕೈಗೆ ಕೊಟ್ಟು, “ಅಯ್ಯನವರೇ, ಇದು ವಿರೋಧದ ಅರ್ಜಿ, ಇದಕ್ಕೆ ಮೊದಲನೆಯ ಸಹಿ ತಮ್ಮದಾಗಬೇಕು. ಬಸುರು ಹೇಗಾಗುತ್ತದೆಂದು ಇವತ್ತು ಕಲಿಸುವವರು, ಅದನ್ನು ತೆಗೆಸುವದು ಹೇಗೆಂದು ನಾಳೆ ಕಲಿಸದೆ ಬಿಡುವರೋ? ಸರಕಾರವು ಆ ಕಾನೂನನ್ನು ಮೊದಲೇ ಮಾಡಿಟ್ಟಿದೆಯಲ್ಲ!” ಎಂದರು.

ಈ ಹಿರಿಯರು ಹಗುರವಾದ ಮನುಷ್ಯರಲ್ಲ. ಮೊಮ್ಮಕ್ಕಳನ್ನು ಕಂಡವರು, ಸಭೆಯ ಕಷ್ಟಕಾಲದಲ್ಲಿ ತಮ್ಮ ಕಣಜದ ಭತ್ತವನ್ನು ಅಳೆದು ಕೊಟ್ಟವರು. ಆದದರಿಂದ ಆಗುವದಿಲ್ಲವೆಂದು ತಟ್ಟನೆ ಹೇಳಲು ನಮಗೆ ಮನಸ್ಸು ಬಾರದು. ಸಹಿ ಹಾಕಲಿಕ್ಕೂ ಕೈ ಏಳಲಿಲ್ಲ. ಆ ಕಾಗದವು ಮೂರು ವಾರ ನಮ್ಮ ಸತ್ಯವೇದದ ಪುಟಗಳ ನಡುವೆಯೇ ಇತ್ತು. ಈಗ ಬರೆಯುವದು ಅವರಿಗೆ ನಾವು ಕೊಡಬೇಕಾಗಿದ್ದ ಉತ್ತರವೇ. ಇದೇ ಸಂದೇಹವು ಬೇರೆ ಸಭೆಗಳಲ್ಲಿಯೂ ಎದ್ದಿರುವದರಿಂದ ಎಲ್ಲರೂ ಓದಲೆಂದು ಈ ಪತ್ರಿಕೆಯಲ್ಲಿ ಬರೆಯುತ್ತೇವೆ.

ಮೊದಲು ನಮ್ಮ ತಪ್ಪನ್ನು ಹೇಳಿಬಿಡುವದು ಲೇಸು. ಹಲವು ವರುಷಗಳ ಹಿಂದೆ ನಾವು ಬೇರೊಂದು ಸೀಮೆಯಲ್ಲಿ ಉಪದೇಶಿಯಾಗಿದ್ದಾಗ ಮಕ್ಕಳಿಗೆ ದಶಾಜ್ಞೆಗಳ ಪಾಠವನ್ನು ಹೇಳುತ್ತಿದ್ದೆವು. ಏಳನೆಯ ಆಜ್ಞೆಯನ್ನು ಬಾಯಿಪಾಠ ಒಪ್ಪಿಸಿದ ಒಬ್ಬ ಹುಡುಗಿಯು ಎದ್ದು ನಿಂತು, “ವ್ಯಭಿಚಾರ ಅಂದರೇನು, ಅಯ್ಯನವರೇ?” ಎಂದು ಕೇಳಿದಳು. ಹುಡುಗರು ಕಿಸಕ್ಕನೆ ನಕ್ಕರು. ನಮ್ಮ ಮುಖವು ಕೆಂಪಾಯಿತು. “ದೊಡ್ಡವಳಾದ ಮೇಲೆ ತಾನೇ ತಿಳಿಯುತ್ತದೆ, ಕೂತುಕೋ” ಎಂದು ಹೇಳಿ ಎಂಟನೆಯ ಆಜ್ಞೆಗೆ ಹೋದೆವು. ಕಳ್ಳತನದ ವಿಷಯವಾಗಿ, ಒಣಹಾಕಿದ ಅಡಿಕೆ, ಪಕ್ಕದ ಹೊಲದ ಮೆಕ್ಕೆಜೋಳ, ಅಂಗಡಿಯ ಸುಳ್ಳು ತೂಕ ಇವೆಲ್ಲವನ್ನೂ ಎತ್ತಿ ಅರ್ಧ ತಾಸು ಚೆನ್ನಾಗಿಯೇ ಮಾತಾಡಿದೆವೆಂದು ನೆನಪುಂಟು.

ನಾಲ್ಕು ವರುಷಗಳ ತರುವಾಯ ಆ ಹುಡುಗಿಯ ತಾಯಿ ಒಂದು ರಾತ್ರಿ ನಮ್ಮ ಮನೆಯ ಬಾಗಿಲಿಗೆ ಬಂದಳು. ಮಗಳಿಗೆ ಹದಿನಾರು ವರುಷ. ಮೂರು ತಿಂಗಳು ಮೀರಿತ್ತು. ಕಾರಣನಾದವನು ಮನೆಗೆ ಬಂದು ಹೋಗುವ ಹತ್ತಿರದ ನೆಂಟನು. ಮುಟ್ಟು ನಿಂತದ್ದಕ್ಕೂ ಆ ಮನುಷ್ಯನು ಮಾಡಿದ್ದಕ್ಕೂ ಸಂಬಂಧವುಂಟೆಂಬದೇ ಆಕೆಗೆ ಗೊತ್ತಿರಲಿಲ್ಲ. ತಾಯಿಗೆ ಗೊತ್ತಾಗುವ ಹೊತ್ತಿಗೆ ಯಾರೋ ಹೇಳಿದ ಮಾತು ಕೇಳಿ ಔಷಧದ ಅಂಗಡಿಯಿಂದ ಮಾತ್ರೆಗಳನ್ನು ತಂದು, ವೈದ್ಯರಿಗೆ ತೋರಿಸದೆ ನುಂಗಿಸಿದ್ದರು. ರಕ್ತವು ನಿಲ್ಲದೆ ಹೋಗುತ್ತಿತ್ತು. ನಾವು ಬಾಡಿಗೆಯ ಗಾಡಿ ಹಿಡಿದು ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ದೇವರ ದಯೆಯಿಂದ ಜೀವ ಉಳಿಯಿತು. ಮುಂದೆ ಸಭೆಯ ಹಿರಿಯರು ಕೂಡಿ ಆಕೆಯನ್ನು ಕರ್ತನ ಮೇಜಿನಿಂದ ದೂರವಿಡಬೇಕೆಂದು ತೀರ್ಮಾನಿಸಿದರು. ಆ ನೆಂಟನ ಹೆಸರನ್ನು ಆ ಕೂಟದಲ್ಲಿ ಒಬ್ಬರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಆ ತೀರ್ಮಾನವನ್ನು ತಿಳಿಸುವದಕ್ಕೆ ಮನೆಗೆ ಹೋದಾಗ ಆ ಹುಡುಗಿಯು ಅಳಲಿಲ್ಲ. “ನಾನು ಕೇಳಿದ್ದೆನಲ್ಲಾ, ಅಯ್ಯನವರೇ” ಎಂದಳು. ಅಷ್ಟೇ.

ಆದದರಿಂದ, ಹೇಳಿಕೊಡುವದರಿಂದ ಮಕ್ಕಳು ಕೆಡುವರು ಎಂಬ ಮಾತನ್ನು ಕೇಳುವಾಗೆಲ್ಲಾ, ಹೇಳಿಕೊಡದೆ ಕೆಟ್ಟ ಒಂದು ಮಗುವಿನ ಮುಖವು ನಮ್ಮ ಕಣ್ಣಿಗೆ ಬರುತ್ತದೆ. ಇದು ಒಂದು ಊರಿನ ಕಥೆ ಮಾತ್ರವೆಂದು ಎಣಿಸಬೇಡಿರಿ. 2024ನೆಯ ಜನವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ, ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು ಗಂಡು ಮಗುವನ್ನು ಹೆತ್ತ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದೆವು. 2025ನೆಯ ಆಗಸ್ಟಿನಲ್ಲಿ ಯಾದಗಿರಿ ಜಿಲ್ಲೆಯ ಒಂದು ವಸತಿಶಾಲೆಯ ಶೌಚಾಲಯದಲ್ಲಿ ಮತ್ತೊಬ್ಬ ಒಂಬತ್ತನೆಯ ತರಗತಿಯ ಹುಡುಗಿಯು ಪ್ರಸವಿಸಿದಳು. ಆ ಮಕ್ಕಳ ಸುತ್ತಲೂ ದೊಡ್ಡವರಿದ್ದರು. ಅಧಿಕಾರಿಗಳು ಅಮಾನತಾದರು, ಪೋಕ್ಸೋ ಕಾಯಿದೆಯ ಮೇರೆಗೆ ಮೊಕದ್ದಮೆಗಳಾದವು. ಆಗಬೇಕಾದದ್ದೇ. ಆದರೆ ಆ ಮಕ್ಕಳಿಗೆ ತಮ್ಮ ದೇಹದ ಸಂಗತಿಯನ್ನು ಮುಂಚಿತವಾಗಿ ಹೇಳತಕ್ಕವರು ಯಾರಾಗಿದ್ದರು?

ಈ ವಿವಾದವು ನಮ್ಮ ರಾಜ್ಯಕ್ಕೆ ಹೊಸದಲ್ಲ. 2005ನೆಯ ಇಸವಿಯಲ್ಲಿ ಕೇಂದ್ರ ಸರಕಾರವು ಏಡ್ಸ್ ನಿಯಂತ್ರಣ ಸಂಸ್ಥೆಯೊಡನೆ ಕೂಡಿ ಹದಿಹರೆಯದವರ ಶಿಕ್ಷಣವೆಂಬ ಒಂದು ಕಾರ್ಯಕ್ರಮವನ್ನು ಶಾಲೆಗಳಿಗೆ ತಂದಿತು. 2007ರಲ್ಲಿ ಮಹಾರಾಷ್ಟ್ರ, ಗುಜರಾತ, ಮಧ್ಯಪ್ರದೇಶ ಮೊದಲಾದ ರಾಜ್ಯಗಳು ಅದನ್ನು ತಡೆದವು, ಕರ್ನಾಟಕವೂ ತಡೆಯಿತು. ಚಿತ್ರಗಳು ಅಸಭ್ಯವಾಗಿವೆ, ನಮ್ಮ ದೇಶದ ಸಂಸ್ಕೃತಿಗೆ ಇದು ಒಪ್ಪುವದಿಲ್ಲ ಎಂಬದೇ ಆಗಿನ ಆಕ್ಷೇಪ. 2009ರಲ್ಲಿ ರಾಜ್ಯಸಭೆಯ ಅರ್ಜಿಗಳ ಸಮಿತಿಯೂ ಶಾಲೆಗಳಲ್ಲಿ ಇಂಥ ಶಿಕ್ಷಣವು ಬೇಡವೆಂದೇ ವರದಿ ಕೊಟ್ಟಿತು. ಪುಸ್ತಕವನ್ನು ಮುಚ್ಚಿದರು ಸರಿ. ಆದರೆ ಅದೇ ವರುಷಗಳಲ್ಲಿ ಮೊಬೈಲು ಎಂಬದು ಪ್ರತಿ ಮನೆಯ ಗೂಡಿನೊಳಗೆ ಬಂದು ಕೂತಿತು. ಉಪಾಧ್ಯಾಯರ ಬಾಯಿಂದ ಬರಬಾರದೆಂದ ಸಂಗತಿಯು ಯಾರದೋ ಹೊಲಸು ಬಾಯಿಂದ ಬಂತು.

ಆಕ್ಷೇಪಗಳಲ್ಲಿ ಸತ್ಯವೇ ಇಲ್ಲವೆಂದು ನಾವು ಹೇಳುವದಿಲ್ಲ. ನಾಚಿಕೆಗೆಟ್ಟ ಉಪಾಧ್ಯಾಯನ ಕೈಗೆ ಈ ಪಾಠವು ಸಿಕ್ಕಿದರೆ ಹಾನಿಯಾಗುವದು ನಿಶ್ಚಯ. ಪಾಠದ ಹೆಸರಿನಲ್ಲಿಯೇ ಮಕ್ಕಳನ್ನು ಕೆಡಿಸಿದವರುಂಟು. ಯಾರು ಹೇಳಬೇಕು, ಯಾವ ವಯಸ್ಸಿಗೆ ಎಷ್ಟು ಹೇಳಬೇಕು ಎಂದು ತಂದೆತಾಯಿಗಳು ಕೇಳುವದು ಅವರ ಹಕ್ಕೇ ಸರಿ. ಅರ್ಜಿಯಲ್ಲಿ ಇದನ್ನು ಬರೆದಿದ್ದರೆ ನಾವು ಸಹಿ ಹಾಕುತ್ತಿದ್ದೆವು. ಆದರೆ ತಿಳುವಳಿಕೆಯು ಆಶೆಯನ್ನು ಹುಟ್ಟಿಸುತ್ತದೆಂಬ ಮಾತನ್ನು ನಾವು ಒಪ್ಪಲಾರೆವು. ನಮ್ಮ ಮಕ್ಕಳೇನು ಅರಮನೆಯಲ್ಲಿ ಬೆಳೆದವರೋ? ಹಸು ಬೆದೆಗೆ ಬಂದದ್ದನ್ನೂ ಕರು ಹಾಕಿದ್ದನ್ನೂ ಕೊಟ್ಟಿಗೆಯಲ್ಲಿ ನಿಂತು ಕಂಡವರೇ. ಅವರಿಗೆ ತಿಳಿಯದಿರುವದು ಅದಲ್ಲ. ಒಬ್ಬನು ಮೈಮುಟ್ಟಿದರೆ ಬೇಡವೆನ್ನುವ ಅಧಿಕಾರವು ತನಗುಂಟೆಂದೂ, ಅವನು ಮಾವನಾಗಲಿ ಮೇಷ್ಟ್ರಾಗಲಿ ಉಪದೇಶಿಯೇ ಆಗಲಿ ಅದನ್ನು ತಾಯಿಗೆ ಹೇಳಬಹುದೆಂದೂ, ಹೇಳಿದರೆ ತಾಯಿ ಹೊಡೆಯುವದಿಲ್ಲವೆಂದೂ ತಿಳಿಯದು. ಗಂಡುಮಕ್ಕಳ ಸ್ಥಿತಿಯಂತೂ ಇನ್ನೂ ಕೆಟ್ಟದ್ದು. ಅವರಿಗೆ ಯಾರೂ ಏನೂ ಹೇಳುವದೇ ಇಲ್ಲ. 2022ನೆಯ ನವೆಂಬರಿನಲ್ಲಿ ನಮ್ಮ ಉಚ್ಚ ನ್ಯಾಯಾಲಯದ ಧಾರವಾಡ ಪೀಠವು, ಒಂಬತ್ತನೆಯ ತರಗತಿಯಿಂದ ಮೇಲಣ ಮಕ್ಕಳಿಗೆ ಪೋಕ್ಸೋ ಕಾಯಿದೆಯ ತಿಳುವಳಿಕೆಯನ್ನು ಕೊಡಬೇಕೆಂದು ಶಿಕ್ಷಣ ಇಲಾಖೆಗೆ ಆಜ್ಞಾಪಿಸಿತು. ಹದಿನೆಂಟು ತುಂಬದವರ ಸಂಗಡ ದೇಹಸಂಬಂಧವು ಅವರು ಒಪ್ಪಿದರೂ ಅಪರಾಧವೇ ಎಂಬದನ್ನು ಎಷ್ಟೋ ಹುಡುಗರು ಜೈಲಿನ ಬಾಗಿಲಲ್ಲಿ ಮೊದಲ ಸಾರಿ ಕೇಳುತ್ತಾರೆ.

ಇನ್ನು ಹಿರಿಯರ ಎರಡನೆಯ ಮಾತಿಗೆ ಬರೋಣ. ಗರ್ಭವನ್ನು ತೆಗೆಸುವದಕ್ಕೆ ಸರಕಾರವು ಎಲ್ಲರಿಗೂ ಬಾಗಿಲು ತೆರೆದಿಟ್ಟಿದೆಯೆಂದು ಅವರು ತಿಳಿದಿದ್ದಾರೆ. ಕಾನೂನು ಹಾಗಿಲ್ಲ. ಇಂಗ್ಲಿಷರ ಕಾಲದ 1860ನೆಯ ಇಸವಿಯ ದಂಡಸಂಹಿತೆಯು ತಾಯಿಯ ಜೀವವನ್ನು ಉಳಿಸುವದಕ್ಕೆ ಹೊರತು ಗರ್ಭಪಾತ ಮಾಡಿಸುವದನ್ನು ಅಪರಾಧವೆಂದಿತು, ಹೆಂಗಸಿಗೂ ಶಿಕ್ಷೆಯುಂಟು. 2024ನೆಯ ಜುಲೈ 1ರಿಂದ ನಡೆಯುವ ನ್ಯಾಯಸಂಹಿತೆಯಲ್ಲಿಯೂ ಆ ಕಲಮು ಹಾಗೆಯೇ ಇದೆ. ಆದರೆ ಕಾನೂನಿನ ಭಯದಿಂದ ಯಾರೂ ನಿಲ್ಲಲಿಲ್ಲ. ಬೇರು, ಕಡ್ಡಿ, ಕಷಾಯ ಎಂದು ಕತ್ತಲೆಯಲ್ಲಿ ಮಾಡಿಸಿಕೊಂಡು ಸತ್ತವರೆಷ್ಟೋ. ನಮ್ಮ ಅಜ್ಜಿಯರನ್ನು ಕೇಳಿದರೆ ದನಿ ತಗ್ಗಿಸಿ ಹೇಳುವರು. ಇದನ್ನು ಕಂಡು 1964ರಲ್ಲಿ ಶಾಂತಿಲಾಲ್ ಶಹಾ ಎಂಬವರ ಅಧ್ಯಕ್ಷತೆಯಲ್ಲಿ ಸಮಿತಿಯಾಗಿ, 1971ರಲ್ಲಿ ವೈದ್ಯಕೀಯ ಗರ್ಭಪಾತದ ಕಾಯಿದೆ ಹುಟ್ಟಿ, 1972ನೆಯ ಏಪ್ರಿಲ್ 1ರಿಂದ ನಡೆಗೆ ಬಂತು. ತಾಯಿಯ ಜೀವಕ್ಕೋ ಆರೋಗ್ಯಕ್ಕೋ ಅಪಾಯ, ಕೂಸಿಗೆ ತೀರದ ಊನ, ಬಲಾತ್ಕಾರ, ಗರ್ಭನಿರೋಧದ ವಿಫಲತೆ ಇವೇ ಅದು ಎಣಿಸಿದ ಕಾರಣಗಳು. 2021ರ ತಿದ್ದುಪಡಿಯ ಮೇರೆಗೆ 20 ವಾರಗಳ ವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರಗಳ ವರೆಗೆ, ಬಲಾತ್ಕಾರಕ್ಕೆ ಒಳಗಾದವರು, ಹದಿನೆಂಟು ತುಂಬದವರು, ವಿಧವೆಯಾದವರು ಮೊದಲಾದ ಕೆಲವರಿಗೆ ಮಾತ್ರ, ಇಬ್ಬರು ವೈದ್ಯರು ಒಪ್ಪಬೇಕು. ಹುಡುಗಿಗೆ ಹದಿನೆಂಟು ತುಂಬದಿದ್ದರೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಹೆಸರನ್ನು ಗುಟ್ಟಾಗಿಡತಕ್ಕದ್ದು. 2022ನೆಯ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು, ಮದುವೆಯಾಗದವಳೆಂಬ ಕಾರಣದಿಂದ 20 ವಾರಗಳ ಮೇಲಣ ಈ ಅವಕಾಶವನ್ನು ಯಾರಿಗೂ ತಪ್ಪಿಸಬಾರದೆಂದಿತು. ಅದೇ ತೀರ್ಪಿನಲ್ಲಿ, ದೇಹದ ಶಿಕ್ಷಣವು ಸಿಕ್ಕದೆ ಇರುವದರಿಂದ ಹದಿಹರೆಯದವರು ತಮ್ಮ ಸ್ಥಿತಿಯನ್ನು ತಾವೇ ಅರಿಯದೆ ತಡವಾಗಿ ವೈದ್ಯರ ಬಳಿಗೆ ಬರುತ್ತಾರೆಂಬದನ್ನೂ ನ್ಯಾಯಾಧೀಶರು ಎತ್ತಿ ಹೇಳಿದ್ದಾರೆ. ಹಿರಿಯರು ಒಂದೇ ಹಗ್ಗದಲ್ಲಿ ಕಟ್ಟಿದ ಎರಡು ಸಂಗತಿಗಳು ನಿಜವಾಗಿಯೂ ಕಟ್ಟಿಕೊಂಡೇ ಇವೆ. ಆದರೆ ಗಂಟು ಅವರು ತೋರಿಸಿದ ಕಡೆಯಲ್ಲಿಲ್ಲ.

ಕಾನೂನು ಬಿಟ್ಟದ್ದೆಲ್ಲಾ ದೇವರಿಗೆ ಮೆಚ್ಚಿಕೆಯೋ ಎಂದರೆ, ಅಲ್ಲ. ಮದ್ಯದಂಗಡಿಗೂ ಸರಕಾರವು ಲೈಸನ್ಸು ಕೊಡುತ್ತದೆ. ನಾವು ಕುಡಿಯಬೇಡಿರೆಂದು ಸಾರುವದನ್ನು ಬಿಟ್ಟೆವೋ? ಗರ್ಭದೊಳಗಿನ ಜೀವವು ದೇವರ ಕೈಕೆಲಸವೆಂದು 139ನೆಯ ಕೀರ್ತನೆಯಿಂದ ನಾವು ಕಲಿತವರು. ಅದನ್ನು ಹುಣ್ಣಿನ ಹಾಗೆ ಕೊಯ್ದು ಎಸೆಯತಕ್ಕದ್ದೆಂದು ಯಾವ ವಿಶ್ವಾಸಿಯೂ ಹೇಳಲಾರನು. ಆದಾಗ್ಯೂ ವಿಮೋಚನಕಾಂಡದ 21ನೆಯ ಅಧ್ಯಾಯದಲ್ಲಿ, ಜಗಳದಲ್ಲಿ ಬಸುರಿಗೆ ಪೆಟ್ಟು ತಗಲಿದ ಸಂಗತಿಯ ನಿಯಮವನ್ನು ಓದುವ ಪಂಡಿತರು, ತಾಯಿಯ ಜೀವವೂ ಗರ್ಭದ ಜೀವವೂ ಒಂದೇ ತೂಕದವೋ ಎಂಬದರಲ್ಲಿ ಒಮ್ಮತಕ್ಕೆ ಬಂದಿಲ್ಲ. ಸೆಮಿನಾರಿಯಲ್ಲಿ ನಾವು ಕೂತಿದ್ದ ಬೆಂಚಿನಲ್ಲಿಯೇ ಎರಡು ಪಕ್ಷಗಳಿದ್ದವು.

ಎರಡೂ ಜೀವಗಳು ಒಂದೇ ತೂಕವೆಂದು ಕಾನೂನನ್ನು ಬರೆದು, ತಕ್ಕಡಿಯನ್ನು ವೈದ್ಯನ ಕೈಗೆ ಕೊಟ್ಟಾಗ ಏನಾಯಿತೆಂಬದನ್ನು ನಮ್ಮ ಬೆಳಗಾವಿಯ ಮನೆತನವೊಂದು ಕಣ್ಣೀರಿನಿಂದ ಕಲಿಯಿತು. ಸವಿತಾ ಹಾಲಪ್ಪನವರ ಎಂಬಾಕೆಯು ಬೆಳಗಾವಿಯಲ್ಲಿ ಬೆಳೆದ ದಂತವೈದ್ಯೆ, ವಯಸ್ಸು 31, ಗಂಡನ ಸಂಗಡ ಐರ್ಲೆಂಡಿನ ಗಾಲ್ವೇ ಊರಿನಲ್ಲಿದ್ದಳು. ಮದುವೆಯಾದವಳು, ಕೂಸನ್ನು ಬಯಸಿ ಹೊತ್ತವಳು. 2012ನೆಯ ಅಕ್ಟೋಬರ್ 21ರಂದು, 17 ವಾರಗಳ ಗರ್ಭಿಣಿಯಾಗಿ, ನೋವಿನಿಂದ ಅಲ್ಲಿಯ ಆಸ್ಪತ್ರೆಗೆ ಸೇರಿದಳು. ನೀರು ಒಡೆದುಹೋಯಿತು, ಕೂಸು ಬದುಕುವದಿಲ್ಲವೆಂದು ವೈದ್ಯರೇ ಹೇಳಿದರು. ಹಾಗಾದರೆ ಇದನ್ನು ಮುಗಿಸಿರಿ ಎಂದು ಆಕೆ ಬೇಡಿಕೊಂಡಾಗ, ಕೂಸಿನ ಎದೆ ಇನ್ನೂ ಬಡಿಯುತ್ತಿರುವದರಿಂದ ಕಾನೂನು ಬಿಡುವದಿಲ್ಲವೆಂದರು. ಇದು ಕೆಥೋಲಿಕ್ ದೇಶವೆಂಬ ಮಾತನ್ನೂ ಹೇಳಿದರೆಂದು ವಿಚಾರಣೆಯಲ್ಲಿ ಹೊರಬಿತ್ತು. 24ರಂದು ಕೂಸಿನ ಎದೆ ನಿಂತಿತು. ಅಷ್ಟರಲ್ಲಿ ನಂಜು ತಾಯಿಯ ರಕ್ತಕ್ಕೆ ಏರಿತ್ತು. 28ರಂದು ಆಕೆಯೂ ತೀರಿಕೊಂಡಳು. ನಂಜನ್ನು ಹೊತ್ತಿಗೆ ಗುರುತಿಸದೆ ಹೋದ ವೈದ್ಯರ ಅಲಕ್ಷ್ಯವೂ ಇದರಲ್ಲಿತ್ತೆಂದು ತನಿಖೆಯ ವರದಿಗಳು ಹೇಳುತ್ತವೆ. ಆ ದೇಶದವರು 1983ರಲ್ಲಿ ತಮ್ಮ ರಾಜ್ಯಾಂಗದಲ್ಲಿ ಬರೆದುಕೊಂಡಿದ್ದ ಆ ಕಲಮನ್ನು 2018ನೆಯ ಮೇ 25ರಂದು ನೂರಕ್ಕೆ 66ಕ್ಕಿಂತ ಹೆಚ್ಚು ಮತಗಳಿಂದ ತೆಗೆದುಹಾಕಿದರು. ಹಾಗೆ ಮಾಡಿರೆಂದು ಬೆಳಗಾವಿಯಿಂದ ಆಕೆಯ ತಂದೆಯು ಅವರನ್ನು ಬೇಡಿಕೊಂಡಿದ್ದನು.

ನಾವು ಪ್ರೊಟೆಸ್ಟೆಂಟರು, ಅದು ಅವರ ತಪ್ಪು ಎಂದು ಎದೆಯುಬ್ಬಿಸುವ ಸಂಗತಿ ಇದಲ್ಲ. ಆ ಆಸ್ಪತ್ರೆಯವರು ಕೊಲೆಗಾರರಾಗಿರಲಿಲ್ಲ. ಜೀವವನ್ನು ಕಾಯುತ್ತೇವೆಂದೇ ನಂಬಿದ್ದರು. ಒಂದು ಒಳ್ಳೆಯ ವಾಕ್ಯವನ್ನು ಹಿಡಿದುಕೊಂಡು, ಎದುರಿಗೆ ಮಲಗಿದ್ದವಳನ್ನು ನೋಡದೆ ಹೋದರು. ನಾವು ಆ ಹುಡುಗಿಯ ಮನೆಗೆ ತೀರ್ಮಾನವನ್ನು ಹೊತ್ತುಕೊಂಡು ಹೋದ ದಿವಸ ನಮ್ಮ ಕೈಯಲ್ಲಿದ್ದದ್ದೂ ಅಂಥ ಒಂದು ವಾಕ್ಯವೇ.

ಆದರೆ ಇದಕ್ಕೆ ಇನ್ನೊಂದು ಪಕ್ಕವುಂಟು. ಅದನ್ನು ಹೇಳದಿದ್ದರೆ ಹಿರಿಯರಿಗೆ ಅನ್ಯಾಯವಾದೀತು. 2023ನೆಯ ನವೆಂಬರಿನಲ್ಲಿ ಬೆಂಗಳೂರಿನ ಪೊಲೀಸರು ಒಂದು ಭಯಂಕರವಾದ ಜಾಲವನ್ನು ಹೊರಗೆಡಹಿದರು. ಮಂಡ್ಯದ ಕಡೆಯ ಒಂದು ಆಲೆಮನೆಯಲ್ಲಿ, ಬೆಲ್ಲ ಕಾಯಿಸುವ ಜಾಗದಲ್ಲಿ, ಸ್ಕ್ಯಾನಿಂಗ್ ಯಂತ್ರವನ್ನಿಟ್ಟು ಗರ್ಭದಲ್ಲಿರುವದು ಗಂಡೋ ಹೆಣ್ಣೋ ಎಂದು ನೋಡಿ, ಹೆಣ್ಣಾದರೆ ಮೈಸೂರಿಗೆ ಕರೆದೊಯ್ದು ತೆಗೆಸುತ್ತಿದ್ದರು. ಮೂರು ವರುಷಗಳಲ್ಲಿ ಸುಮಾರು 900 ಎಂದು ಪೊಲೀಸರು ಹೇಳಿದರು. ಹಿಡಿಯಲ್ಪಟ್ಟವರಲ್ಲಿ ವೈದ್ಯರೂ ಇದ್ದರು. ಭ್ರೂಣದ ಲಿಂಗವನ್ನು ನೋಡುವದನ್ನು ನಿಷೇಧಿಸುವ ಕಾಯಿದೆಯು 1994ರಲ್ಲಿಯೇ ಆಗಿದೆ. ಆ ಆಲೆಮನೆಗೆ ಹೋದವರಾರು? ನಾವು ಬೆರಳು ತೋರಿಸುವ ಮದುವೆಯಾಗದ ಹುಡುಗಿಯರಲ್ಲ. ತಾಳಿ ಕಟ್ಟಿಸಿಕೊಂಡವರು, ಅತ್ತೆಮಾವಂದಿರ ಸಂಗಡ ಹೋದವರು, ಹೊಲಮನೆಯುಳ್ಳ ಮರ್ಯಾದಸ್ಥರು. ಮರಳಿ ಬಂದಾಗ ಅವರ ಊರಿನಲ್ಲಿ ಯಾವ ಹಿರಿಯರ ಕೂಟವೂ ಸೇರಲಿಲ್ಲ. ಹೆಣ್ಣೆಂಬ ಒಂದೇ ಕಾರಣಕ್ಕೆ ಗರ್ಭವನ್ನು ತೆಗೆಸುವದು ಪಾಪವೆಂಬದರಲ್ಲಿ ನಮಗೆ ಎಳ್ಳಷ್ಟೂ ಸಂದೇಹವಿಲ್ಲ. ಇದರ ವಿರುದ್ಧ ಅರ್ಜಿ ಬರೆದವರನ್ನು ಮಾತ್ರ ನಮ್ಮ ಸಭೆಗಳಲ್ಲಿ ಇದು ವರೆಗೆ ಕಾಣೆವು. ನಮ್ಮವರಲ್ಲಿ ವರದಕ್ಷಿಣೆಯು ಹೋಯಿತೋ? ಮೂರನೆಯ ಹೆಣ್ಣು ಹುಟ್ಟಿದ ಮನೆಗೆ ನಾವು ಪ್ರಾರ್ಥನೆಗೆ ಹೋದಾಗ ಒಲೆ ಉರಿಯುತ್ತಿರುತ್ತದೋ?

ಹಾಗಾದರೆ ಬಸುರಾದ ಹುಡುಗಿಯೊಬ್ಬಳು ಬಾಗಿಲಿಗೆ ಬಂದರೆ ಏನು ಹೇಳಬೇಕೆಂದು ಕೇಳುವಿರಿ. ನಮಗೆ ತಿಳಿದಷ್ಟು ಹೇಳುವೆವು. ಮೊದಲು ಆಕೆಯ ಜೀವ. ಅಂಗಡಿಯ ಮಾತ್ರೆಯೂ ಬೇಡ, ಬೇರುಕಡ್ಡಿಯೂ ಬೇಡ. ಹೊನ್ನಾಳಿಗೋ ಶಿವಮೊಗ್ಗೆಗೋ ಸರಕಾರಿ ಆಸ್ಪತ್ರೆಗೆ, ಅದೂ ತಡಮಾಡದೆ. ಹದಿನೆಂಟು ತುಂಬದವಳಾದರೆ ಆಕೆಯ ಮೇಲೆ ಅಪರಾಧವು ನಡೆದಿದೆ, ಆಕೆ ಅಪರಾಧಿಯಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬಹುದು. ಹೆರುವದಕ್ಕೆ ಆಕೆ ಮನಸ್ಸು ಮಾಡಿದರೆ, ಸಾಕಲಾರದ ಕೂಸನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸುವ ದಾರಿಯು ಕಾನೂನಿನಲ್ಲಿಯೇ ಉಂಟು. ಒಪ್ಪಿಸಿದ ಮೇಲೆಯೂ ಮರುಯೋಚನೆಗೆ ಎರಡು ತಿಂಗಳ ಅವಧಿಯುಂಟು. ಇದನ್ನು ಎಷ್ಟು ಜನರು ಬಲ್ಲರು? ಗರ್ಭವನ್ನು ಉಳಿಸಬೇಕೆಂದು ಗಟ್ಟಿಯಾಗಿ ಹೇಳುವವರು, ಆ ಒಂಬತ್ತು ತಿಂಗಳು ಆಕೆಯನ್ನು ಯಾರ ಮನೆಯಲ್ಲಿ ಇಡುವದೆಂಬದನ್ನೂ ಹೇಳಬೇಕು. ತಮ್ಮ ಮನೆಯ ಕೋಣೆಯನ್ನು ತೋರಿಸದೆ ಬರೇ ಆಜ್ಞೆಯನ್ನು ತೋರಿಸುವವನ ಮಾತಿಗೆ ತೂಕವಿಲ್ಲ. ಮೊದಲು ಬಾಯಿ ಮುಚ್ಚಿಕೊಂಡಿದ್ದ ನಮ್ಮಂಥವರು ಆಮೇಲೆ ಬಾಯಿ ತೆರೆದು ತೀರ್ಪು ಹೇಳುವದಕ್ಕೆ ಯಾವ ಅಧಿಕಾರವಿದೆ? ಹಿಡಿದು ತಂದ ಹೆಂಗಸಿನ ಎದುರಿಗೆ ಕರ್ತನು ನೆಲದ ಮೇಲೆ ಬೆರಳಿನಿಂದ ಬರೆಯುತ್ತಾ ಕೂತಿದ್ದಾಗ ಮೊದಲು ಹೊರಟುಹೋದವರು ಹಿರಿಯರೇ ಎಂದು ಯೋಹಾನನು ತಿಳಿಸುತ್ತಾನೆ. ಅವರಲ್ಲಿ ಅಷ್ಟಾದರೂ ನಾಚಿಕೆಯಿತ್ತು.

ಅರ್ಜಿಯನ್ನು ನಾವು ಸಹಿಯಿಲ್ಲದೆ ಹಿಂದಕ್ಕೆ ಕೊಟ್ಟೆವು. ಹಿರಿಯರು ಅದನ್ನು ಮಡಿಸಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು, ಏನೂ ಹೇಳಲಿಲ್ಲ. ಈ ವರುಷ ದಶಾಜ್ಞೆಗಳ ಪಾಠವು ಏಳನೆಯದಕ್ಕೆ ಬಂದ ಭಾನುವಾರ ನಾವು ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸಮ್ಮನವರನ್ನು ಕರೆಸಿದೆವು. ತಾಯಂದಿರು ಮಕ್ಕಳ ಹಿಂದೆ ಚಾಪೆಯ ಮೇಲೆ ಕೂತರು. ಗಂಡುಹುಡುಗರನ್ನು ಹೊರಗೆ ಕಳುಹಿಸೋಣವೇ ಎಂದು ಯಾರೋ ಕೇಳಿದ್ದಕ್ಕೆ ನರ್ಸಮ್ಮನವರೇ ಬೇಡವೆಂದರು. ಪಾಠವು ನಡೆಯುತ್ತಿದ್ದಾಗ ಆ ಹಿರಿಯರು ಬಂದು ಜಗುಲಿಯ ಕಂಬಕ್ಕೆ ಒರಗಿ ನಿಂತರು. ಸ್ವಲ್ಪ ಹೊತ್ತಿಗೆ ಅವರ ಮೊಮ್ಮಗಳೇ ಎದ್ದು ಒಂದು ಪ್ರಶ್ನೆಯನ್ನು ಕೇಳಿದಳು. ಹುಡುಗರು ನಕ್ಕರು. ಹಿರಿಯರು ನಮ್ಮ ಮುಖವನ್ನು ನೋಡಿದರು. ನಾವು ನರ್ಸಮ್ಮನವರ ಮುಖವನ್ನು ನೋಡಿದೆವು. ಅವರು ಸೀಮೆಸುಣ್ಣವನ್ನು ಕೈಗೆ ತೆಗೆದುಕೊಂಡು, “ಕೂತುಕೋ ಮಗಳೇ, ಹೇಳುತ್ತೇನೆ” ಎಂದರು. ಎಂಟನೆಯ ಆಜ್ಞೆಯು ಮುಂದಿನ ವಾರಕ್ಕೆ ಉಳಿಯಿತು.